ಹೊಸ ಕಾದಂಬರಿ ಹುಡುಕ್ಲಿಕ್ಕೆ ಮಂಗಳೂರು-ಉಡುಪಿಯವರಿಗೆ ಯಾವ ದಾರಿ ಒಳ್ಳೇದು?

ಕನ್ನಡದಲ್ಲಿ ಈಗ ಒಳ್ಳೆ ಕಾದಂಬರಿ ಎಲ್ಲಿ ಬರ್ತದೆ ಮಾರ್ರೆ ಅಂತ ಹೇಳುವವರು ಸಿಕ್ಕಿದ್ರೆ, ಕೊನೆಗೆ ಪುಸ್ತಕದ ಅಂಗಡಿ ಒಳಗೆ ಹೋದದ್ದು ಯಾವಾಗ ಅಂತ ಒಮ್ಮೆ ಕೇಳಿ ನೋಡಿ. ಬರ್ತಾ ಉಂಟು, ಸಾಕಷ್ಟು ಬರ್ತಾ ಉಂಟು, ಚರಿತ್ರೆ ಹಿಡ್ಕೊಂಡು ದಪ್ಪ ದಪ್ಪ ಪುಸ್ತಕ ಬರೆಯುವವರಿಗೂ ಈಗ ಓದುಗರು ಇದ್ದಾರೆ. ತೊಂದ್ರೆ ಇರುದು ಬೇರೆ ಕಡೆ. ಬಿಡುಗಡೆ ಆಗುದು ಹೆಚ್ಚಾಗಿ ಬೆಂಗಳೂರಲ್ಲಿ, ಅದರ ಬಗ್ಗೆ ಮಾತಾಡುವವರೂ ಹೆಚ್ಚಾಗಿ ಅಲ್ಲಿಯವ್ರೇ, ಪುಸ್ತಕ ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಗದ್ದಲ ಮುಗಿದಿರ್ತದೆ, ಗದ್ದಲ ಇಲ್ಲದೆ ಹುಟ್ಟಿದ ಪುಸ್ತಕ ಅಂತೂ ಘಟ್ಟ ಇಳಿಯುದೇ ಇಲ್ಲ.

ಹಾಗಾಗಿ ಇಲ್ಲಿ ಕೂತು ಹೊಸ ಐತಿಹಾಸಿಕ ಕಾದಂಬರಿ, ಗಂಭೀರ ಸಾಹಿತ್ಯದ ಕಾದಂಬರಿ ಹುಡುಕುವವರಿಗೆ ಇರುವ ದಾರಿಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡುವ. ನಾನು ಅಳೆಯುದು ಎರಡೇ ಪ್ರಶ್ನೆಯಲ್ಲಿ. ಪುಸ್ತಕ ಬಂದದ್ದು ಬೇಗ ಗೊತ್ತಾಗ್ತದಾ? ಮತ್ತೆ ಅದರ ಬಗ್ಗೆ ಹೇಳುವವರು ಪೂರ್ತಿ ಓದಿ ಹೇಳ್ತಾರಾ? ಎರಡೂ ಒಟ್ಟಿಗೆ ಸಿಗುವ ದಾರಿ ನಂಗಂತೂ ಕಾಣ್ಲಿಲ್ಲ. ಬೇಗ ಬಂದ ಮಾತು ಓದದೆ ಬಂದ ಮಾತು, ಓದಿ ಬಂದ ಮಾತು ಲೇಟು. ಇದು ತಲೆಯಲ್ಲಿದ್ರೆ ಯಾವ ದಾರಿಯನ್ನು ಎಷ್ಟು ನಂಬ್ಬೇಕು ಅಂತ ತನ್ನಿಂದ ತಾನೇ ಗೊತ್ತಾಗ್ತದೆ.

ಅಂಗಡಿಗೆ ಹೋಗಿ ನೋಡುದು

ಬಲ್ಮಠದಲ್ಲಿ ಜಿ.ಎನ್. ಅಶೋಕವರ್ಧನ ಅವರ ಅತ್ರಿ ಬುಕ್ ಸೆಂಟರ್ ಇತ್ತಲ್ಲ, 1975ರಲ್ಲಿ ಶುರುವಾಗಿ 2012ರಲ್ಲಿ ಮುಚ್ಚಿದ್ದು, ಆ ಕಾಲದವ್ರು ಇವತ್ತಿಗೂ ಅದರ ಹೆಸರು ಹೇಳ್ತಾರೆ. ಕಾರಣ ಸುಲಭ, ಕೌಂಟರಿನ ಹಿಂದೆ ಕೂತವ್ರು ಸ್ವತಃ ಓದುವವರು, ಬರೆಯುವವರು. ಅಂಥದ್ದು ಹೋದ ಮೇಲೆ ಅಂಗಡಿಯವರ ಬಾಯಿಂದ ಸಲಹೆ ಸಿಗುದು ಅಪರೂಪ ಆಗಿದೆ. ಮಂಗಳೂರಲ್ಲಿ ನವಕರ್ನಾಟಕ, ಸಪ್ನ ಇವೆಲ್ಲ ಉಂಟು, ಕನ್ನಡ ಕಪಾಟು ಚೆನ್ನಾಗೇ ಉಂಟು, ಆದ್ರೆ ಹೊಸ ಕಾದಂಬರಿಯನ್ನು ನೀವೇ ಹುಡುಕ್ಬೇಕು. ಸಣ್ಣ ಊರಿನ ಬುಕ್ ಸ್ಟಾಲ್‌ಗಳಲ್ಲಿ ಜೂನ್ ಬಂತು ಅಂದ್ರೆ ಶಾಲೆ ಪುಸ್ತಕ, ಬೈಂಡು, ಸಿಇಟಿ-ನೀಟ್ ಗೈಡು ಬಿಟ್ಟು ಬೇರೆ ಕಾಣುದಿಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ, ಅಂಗಡಿ ಬಾಡಿಗೆ ಕಟ್ಟುದು ಗೈಡಿನಿಂದ.

ಆದ್ರೂ ನನ್ನ ಲಿಸ್ಟಲ್ಲಿ ಅಂಗಡಿ ಮೊದಲು, ಯಾಕಂದ್ರೆ ಇಲ್ಲಿ ಬೇರೆಯವ್ರ ಮಾತೇ ಬೇಡ, ಓದಿ ನೋಡುವವರು ನೀವೇ. ನಮ್ಮವರು ಬಂಗುಡೆ ತಗೊಳ್ಳುವಾಗ ಕಿವಿರು ಎತ್ತಿ ನೋಡ್ತಾರೆ, ಐನೂರು ರೂಪಾಯಿಯ ಕಾದಂಬರಿಗೆ ಮಾತ್ರ ಮುಖಪುಟ ನೋಡಿ ದುಡ್ಡು ಕೊಟ್ಟು ಬರ್ತಾರೆ. ಮೊದ್ಲು ಒಳಗಿನ ಮಾಹಿತಿ ಪುಟ ತೆಗೀರಿ, ಮುದ್ರಣ, ಹಕ್ಕು, ಬೆಲೆ, ಕಾಗದ ಎಲ್ಲ ಇರುವ ಪುಟ. ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಪ್ರಕಾಶಕರು ಅಲ್ಲೇ ಎಷ್ಟು ಪ್ರತಿ ಅಂತಲೂ ಹಾಕ್ತಾರೆ. ಮುಖಪುಟದಲ್ಲಿ ನಾಲ್ಕನೇ ಮುದ್ರಣ ಅಂತ ಕೆಂಪಲ್ಲಿ ಇರ್ಬಹುದು, ಒಂದೊಂದು ಮುದ್ರಣ ಎಷ್ಟು ಪ್ರತಿಯದ್ದು ಅಂತ ನೋಡಿದ ಮೇಲೆ ಬೆರಗಾಗಿ. ಸಣ್ಣ ಸಣ್ಣ ಕಂತಲ್ಲಿ ಅಚ್ಚು ಹಾಕುದು ಈಗ ಸುಲಭ, ಅದ್ರಲ್ಲಿ ತಪ್ಪೂ ಇಲ್ಲ, ನಾವು ಮುದ್ರಣದ ಸಂಖ್ಯೆ ನೋಡಿ ಮರುಳಾಗ್ಬಾರ್ದು ಅಷ್ಟೇ.

ಮುನ್ನುಡಿ ಸದ್ಯಕ್ಕೆ ಬಿಡಿ. ಹಿರಿಯರೊಬ್ಬರು ಹತ್ತು ಪುಟ ಬರೆದು ಕಥೆಯನ್ನೆಲ್ಲ ಹೇಳಿ ಮುಗಿಸಿರ್ತಾರೆ, ಕಾದಂಬರಿ ಓದಿ ಆದ್ಮೇಲೆ ಓದ್ಲಿಕ್ಕೆ ಒಳ್ಳೆದಿರ್ತದೆ. ಬೆನ್ನುಡಿಯೂ ಬೇಡ. ಮೊದಲ ಅಧ್ಯಾಯವನ್ನೂ ಹೆಚ್ಚು ನಂಬ್ಬೇಡಿ, ಬರೆದವರು ಅತಿ ಹೆಚ್ಚು ತಿದ್ದಿದ್ದು ಅದನ್ನೇ ಇರ್ತದೆ. ಸೀದಾ ನಡುವಿಗೆ ಹೋಗಿ, ಇಬ್ಬರು ಮಾತಾಡುವ ಒಂದು ಜಾಗ ಹಿಡೀರಿ, ಮೂರ್ನಾಲ್ಕು ಪುಟ ನಿಂತಲ್ಲೇ ಓದಿ. ಪಾತ್ರಗಳು ಪರಸ್ಪರ ಮಾತಾಡ್ತಾ ಇದ್ದಾರಾ, ಇಲ್ಲ ಓದುಗನಿಗೆ ಇತಿಹಾಸ ಪಾಠ ಮಾಡ್ತಾ ಇದ್ದಾರಾ? "ನಿನಗೆ ತಿಳಿದಿರುವಂತೆ ನಮ್ಮ ರಾಜ್ಯವು ಮೂವತ್ತು ವರ್ಷಗಳ ಹಿಂದೆ" ಅಂತ ಮಂತ್ರಿ ರಾಜನಿಗೆ ಹೇಳ್ಲಿಕ್ಕೆ ಶುರು ಮಾಡಿದ್ರೆ ಪುಸ್ತಕ ಇದ್ದ ಜಾಗದಲ್ಲೇ ಇಟ್ಟು ಬನ್ನಿ.

ಅಂಗಡಿಯ ಕೊರತೆ ಎಂತ ಅಂದ್ರೆ ತಡ, ಮತ್ತೆ ಎಲ್ಲ ಪುಸ್ತಕ ಬರುದಿಲ್ಲ. ಲೇಖಕರೇ ಪ್ರಕಾಶಕರಾದ ಪುಸ್ತಕ, ಸಣ್ಣ ಪ್ರಕಾಶನದ್ದು, ಇವಕ್ಕೆ ವಿತರಣೆಯೇ ಇರುದಿಲ್ಲ. ಹೆಸರು ಗೊತ್ತಿದ್ರೆ ತರಿಸಿ ಕೊಡಿ ಅಂತ ಹೇಳ್ಬಹುದು, ಹೆಸರು ಗೊತ್ತಾಗುದು ಹೇಗೆ ಅನ್ನುದೇ ಮತ್ತೆ ಪ್ರಶ್ನೆ.

ಫೇಸ್‌ಬುಕ್, ರೀಲ್ಸ್, ಯೂಟ್ಯೂಬು

ಹೆಸರು ಗೊತ್ತಾಗ್ಲಿಕ್ಕೆ ಇದಕ್ಕಿಂತ ಬೇಗದ್ದು ಬೇರೆ ಇಲ್ಲ. ಮುಖಪುಟ ಅನಾವರಣ, ಪ್ರೀ-ಬುಕಿಂಗು, ಅಚ್ಚಿನ ಮನೆಯಿಂದ ಬಂಡಲ್ ಬಂದ ಫೋಟೋ, ಎಲ್ಲ ಮೊದಲು ಬರುದು ಇಲ್ಲಿಯೇ. ಆದ್ರೆ ಬಿಡುಗಡೆಯ ವಾರದಲ್ಲಿ ಬರುವ ಹೊಗಳಿಕೆಯನ್ನು ಸುದ್ದಿ ಅಂತ ತಗೊಳ್ಳಿ, ಅಭಿಪ್ರಾಯ ಅಂತ ತಗೊಳ್ಬೇಡಿ. ಶನಿವಾರ ಕೈಗೆ ಬಂದ ಆರ್ನೂರು ಪುಟದ ಕಾದಂಬರಿಯನ್ನು ಸೋಮವಾರ ಬೆಳಿಗ್ಗೆ "ಮನಸ್ಸನ್ನು ಕಲಕಿತು" ಅಂತ ಬರೆದ್ರೆ ಕಲಕಿದ್ದು ಎಂತದ್ದು ಅಂತ ನಾವೇ ಲೆಕ್ಕ ಹಾಕ್ಬಹುದಲ್ಲ. ಕನ್ನಡದ ಬರೆಯುವವರ ಬಳಗ ಸಣ್ಣದು, ಇವತ್ತು ಇವರ ಪುಸ್ತಕ ಅವರು ಹೊಗಳಿದ್ರು, ಮುಂದಿನ ತಿಂಗಳು ಅವರದ್ದು ಬರ್ತದೆ. ಯಾರದ್ದೂ ಕೆಟ್ಟ ಬುದ್ಧಿ ಅಂತ ಅಲ್ಲ, ಮುಲಾಜು.

ನಾನು ಮಾಡುದು ಇಷ್ಟು, ಬಿಡುಗಡೆ ವಾರದಲ್ಲಿ ಹೆಸರು ಮಾತ್ರ ಬರೆದಿಟ್ಕೊಳ್ಳುದು, ಎರಡು ಮೂರು ತಿಂಗಳು ಬಿಟ್ಟು ಅದೇ ಹೆಸರು ಪುನಃ ಹುಡುಕುದು. ಆಗ ಬರೆದವರು ಯಾರಿಗೋ ಬೇಕಾಗಿ ಬರೆದದ್ದಲ್ಲ, ಓದಿ ಮುಗಿಸಿ ತಡೀಲಿಕ್ಕಾಗದೆ ಬರೆದದ್ದು. ಲೈಕು ಹದಿನೈದು ಇರ್ತದೆ, ಆ ಹದಿನೈದು ಲೈಕಿನ ಪೋಸ್ಟಲ್ಲಿ ಪುಸ್ತಕದ ಬಗ್ಗೆ ನಿಜವಾದ ವಿಷಯ ಇರ್ತದೆ. ಕಾಮೆಂಟಲ್ಲಿ "ನಂಗೆ ಇಷ್ಟ ಆಗ್ಲಿಲ್ಲ, ದ್ವಿತೀಯಾರ್ಧ ಎಳೆದಿದ್ದಾರೆ" ಅಂತ ಒಬ್ರಾದ್ರೂ ಹೇಳಿದ್ರೆ ಆ ಚರ್ಚೆಯನ್ನು ಪೂರ್ತಿ ಓದಿ.

ಬುಕ್ ಬ್ರಹ್ಮದಂಥ ತಾಣಗಳು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಲೇಖಕರ ಮಾತು, ಪುಸ್ತಕದ ಪರಿಚಯ, ಪ್ರಕಾಶಕರ ವಿವರ ಒಂದೇ ಕಡೆ ಸಿಗ್ತದೆ, ಸ್ವಾತಂತ್ರ್ಯೋತ್ಸವದ ಹೆಸರಲ್ಲಿ ಕಥೆ-ಕಾದಂಬರಿಗೆ ಸ್ಪರ್ಧೆ ಕೂಡ ಮಾಡ್ತಾರೆ. ಬಹುಮಾನ ಯಾರಿಗೆ ಬಂತು ಅನ್ನುದಕ್ಕಿಂತ ಕೊನೆ ಸುತ್ತಿಗೆ ಬಂದ ಹೆಸರುಗಳ ಪಟ್ಟಿ ನಮ್ಮಂಥವ್ರಿಗೆ ಹೆಚ್ಚು ಉಪಯೋಗ, ನಾವು ಕೇಳಿಯೇ ಇಲ್ಲದ ನಾಲ್ಕೈದು ಹೆಸರು ಅದ್ರಲ್ಲಿ ಸಿಗ್ತದೆ.

ಪೇಪರು ಮತ್ತೆ ವಾರಪತ್ರಿಕೆ

ಇದ್ರಲ್ಲಿ ನಮ್ಮ ಕಡೆಯವ್ರಿಗೆ ಹಳೇ ಸಂಬಂಧ. 1843ರಲ್ಲಿ ಜರ್ಮನಿಯ ಮಿಷನರಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ ಊರು ಇದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಎಣಿಸುವ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಅಚ್ಚಾದದ್ದೂ ಇಲ್ಲೇ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ. ಆಮೇಲೆ ಮಣಿಪಾಲದಿಂದ ಉದಯವಾಣಿ 1970ರಲ್ಲಿ, ತರಂಗ 1983ರಲ್ಲಿ. ವಾರಪತ್ರಿಕೆಯಲ್ಲಿ ಧಾರಾವಾಹಿ ಬರ್ತಾ ಇದ್ದ ಕಾಲದಲ್ಲಿ ಹೊಸ ಕಾದಂಬರಿ ಹುಡುಕುವ ತಲೆಬಿಸಿಯೇ ಇರ್ಲಿಲ್ಲ, ಅದೇ ಮನೆಗೆ ಬರ್ತಿತ್ತು, ನಾಲ್ಕು ಕಂತು ಓದಿ ಬೇಕಾ ಬೇಡ್ವಾ ಅಂತ ತೀರ್ಮಾನ ಆಗ್ತಿತ್ತು.

ಈಗ ಭಾನುವಾರದ ಪುರವಣಿಯಲ್ಲಿ ಪುಸ್ತಕಕ್ಕೆ ಸಿಗುವ ಜಾಗ ಸಣ್ಣದು. ಅದ್ರಲ್ಲೂ ಎರಡು ಬಗೆ, ಒಂದು ಬರೀ ಪರಿಚಯ, ಇನ್ನೊಂದು ವಿಮರ್ಶೆ. ಪರಿಚಯವನ್ನು ಗುರುತು ಹಿಡಿಯುದು ಸುಲಭ, ಬೆನ್ನುಡಿಯ ವಾಕ್ಯಗಳೇ ಸ್ವಲ್ಪ ಆಚೀಚೆ ಆಗಿ ಬಂದಿರ್ತವೆ, ಕೊನೇ ಸಾಲಲ್ಲಿ "ಕೆಲವು ಕಡೆ ಅಕ್ಷರದೋಷಗಳಿವೆ" ಅಂತ ಒಂದು ಸಣ್ಣ ಆಕ್ಷೇಪ, ಮುಗೀತು. ಅದು ಓದಿ ಬರೆದದ್ದೋ ತಿರುವಿ ಹಾಕಿ ಬರೆದದ್ದೋ ಗೊತ್ತಾಗ್ಬೇಕಾದ್ರೆ, ಕಾದಂಬರಿಯ ಎರಡನೇ ಅರ್ಧದ ಒಂದಾದ್ರೂ ಪಾತ್ರದ, ಪ್ರಸಂಗದ ಮಾತು ಅದ್ರಲ್ಲಿ ಉಂಟಾ ನೋಡಿ. ಮಯೂರ, ತುಷಾರ, ಹೊಸತು ಇಂಥ ಮಾಸಿಕಗಳಲ್ಲಿ ಜಾಗ ಸ್ವಲ್ಪ ಹೆಚ್ಚಿರುದ್ರಿಂದ ಬರೆಯುವವ್ರಿಗೆ ಉಸಿರಾಡ್ಲಿಕ್ಕೆ ಆಗ್ತದೆ. ತಡ ಆಗ್ತದೆ, ಆದ್ರೆ ತಡ ಆದ್ರೂ ಪರ್ವಾಗಿಲ್ಲ ಅನ್ನುವವರು ಈ ದಾರಿ ಬಿಡ್ಬೇಡಿ.

ಬಿಡುಗಡೆ ಸಮಾರಂಭ, ಲಿಟ್ ಫೆಸ್ಟು

ಬಿಡುಗಡೆ ಸಮಾರಂಭಕ್ಕೆ ಕಾಫಿ-ತಿಂಡಿಗೆ ಹೋಗಿ, ಪುಸ್ತಕ ಆರಿಸ್ಲಿಕ್ಕೆ ಅಂತ ಹೋಗ್ಬೇಡಿ. ವೇದಿಕೆಯಲ್ಲಿ ಆರು ಜನ, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಅಧ್ಯಕ್ಷರು "ಸಮಯದ ಅಭಾವದಿಂದ ಕೃತಿಯನ್ನು ಪೂರ್ಣ ಓದಲಾಗಲಿಲ್ಲ" ಅಂತ ಹೇಳಿಯೇ ನಲ್ವತ್ತು ನಿಮಿಷ ಮಾತಾಡುದು, ಇದೆಲ್ಲ ನಮ್ಗೆ ಗೊತ್ತಿದ್ದದ್ದೇ. ಲಾಭ ಇರುದು ಲೇಖಕರು ಮಾತಾಡುವಾಗ. ಐತಿಹಾಸಿಕ ಕಾದಂಬರಿ ಆದ್ರೆ ಎಲ್ಲೆಲ್ಲಿ ತಿರುಗಾಡಿದ್ರು, ಯಾವ ಶಾಸನ ಓದಿದ್ರು, ಎಂತ ಸಿಗದೆ ಕಲ್ಪನೆ ಮಾಡಿದ್ರು ಅಂತ ಅವ್ರ ಬಾಯಲ್ಲೇ ಕೇಳ್ಬಹುದು, ಆ ಹತ್ತು ನಿಮಿಷದಲ್ಲಿ ಇವರು ಎರಡು ಪುಸ್ತಕ ಓದಿ ಬರೆದವ್ರಾ ಇಪ್ಪತ್ತು ಓದಿ ಬರೆದವ್ರಾ ಅಂತ ಗೊತ್ತಾಗ್ತದೆ.

ಮಂಗಳೂರು ಲಿಟ್ ಫೆಸ್ಟ್ 2018ರಿಂದ ನಡೀತಾ ಉಂಟು, ಮೂಡುಬಿದಿರೆಯ ಆಳ್ವಾಸ್ ನುಡಿಸಿರಿ ಇದ್ದಾಗ ಪುಸ್ತಕ ಮಳಿಗೆಗೇ ಅರ್ಧ ದಿನ ಬೇಕಾಗ್ತಿತ್ತು. ಜಿಲ್ಲಾ ಸಮ್ಮೇಳನಗಳಲ್ಲೂ ಮಳಿಗೆ ಇರ್ತದೆ. ಇಂಥ ಕಡೆ ಗೋಷ್ಠಿಗಿಂತ ಮಳಿಗೆ ಮೇಲು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಅಂಗಡಿಗೆ ಬಾರದ ಸಣ್ಣ ಪ್ರಕಾಶಕರು ಅಲ್ಲಿ ಸ್ವತಃ ಕೂತಿರ್ತಾರೆ. ಎರಡನೇ ದಿನ ಮಧ್ಯಾಹ್ನ ಊಟ ಆದ್ಮೇಲೆ ಹೋಗಿ, ಜನ ಕಮ್ಮಿ, ಅವ್ರಿಗೂ ಬೋರಾಗಿರ್ತದೆ, ನಿಮ್ಮಲ್ಲಿ ಯಾವ್ದು ಓದ್ಬೇಕು ಅಂತ ಕೇಳಿದ್ರೆ ಮನಸ್ಸು ಬಿಚ್ಚಿ ಹೇಳ್ತಾರೆ.

ಪ್ರಶಸ್ತಿ ನೋಡಿ ತಗೊಳ್ಳುದು

ಹೊಸ ಕಾದಂಬರಿಗೆ ಇದು ಅತಿ ನಿಧಾನದ ದಾರಿ. ಗೋಪಾಲಕೃಷ್ಣ ಪೈಗಳ ಸ್ವಪ್ನ ಸಾರಸ್ವತ 2009ರಲ್ಲಿ ಬಂತು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 2011ರದ್ದು. ಬೊಳುವಾರು ಮಹಮದ್ ಕುಂಞಿಯವರ ಸ್ವಾತಂತ್ರ್ಯದ ಓಟ 2012ರದ್ದು, ಪ್ರಶಸ್ತಿ 2016ರದ್ದು. ಎರಡೂ ನಮ್ಮ ಕಡೆಯ ಚರಿತ್ರೆಯನ್ನು ಹಿಡಿದ ದೊಡ್ಡ ಕಾದಂಬರಿಗಳು, ಪ್ರಶಸ್ತಿ ಬಂದ ಮೇಲೆ ಓದುವ ಅಂತ ಕೂತವ್ರು ವರ್ಷಗಟ್ಲೆ ಕಾದ ಹಾಗಾಯ್ತು. ಅದಾದ ಮೇಲೆ 2017ರಿಂದ 2024ರವರೆಗೆ ಕನ್ನಡಕ್ಕೆ ಬಂದ ಅಕಾಡೆಮಿ ಪ್ರಶಸ್ತಿ ನೋಡಿ, ವಿಮರ್ಶೆ, ಆತ್ಮಕಥೆ, ಮಹಾಕಾವ್ಯ, ಪ್ರಬಂಧ ಎಲ್ಲ ಉಂಟು, ಕಾದಂಬರಿ ಒಂದೂ ಇಲ್ಲ. ಅವೆಲ್ಲ ಒಳ್ಳೆ ಪುಸ್ತಕಗಳೇ ಇರ್ಬಹುದು, ಕಾದಂಬರಿ ಹುಡುಕುವವನಿಗೆ ಮಾತ್ರ ಆ ಪಟ್ಟಿಯಿಂದ ಎಂತ ಸಿಕ್ಕಿದ ಹಾಗಾಯ್ತು?

ಲೈಬ್ರರಿ

ಫ್ರೀ, ಆದ್ರೆ ಹೊಸತಕ್ಕೆ ಅಲ್ಲ. ಸರ್ಕಾರದ ಸಗಟು ಖರೀದಿಯಲ್ಲಿ ಪುಸ್ತಕ ಆಯ್ಕೆ ಆಗಿ ಕಪಾಟಿಗೆ ಬರುವಾಗ ಅದು ಹೊಸತು ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಬೇರೆ ಉಂಟು, ಆ ಲೆಕ್ಕದಲ್ಲಾದ್ರೂ ಒಮ್ಮೆ ಹೋಗಿ ಮೆಂಬರ್ ಆಗಿ. ಹೊಸ ಲೇಖಕರ ಹಿಂದಿನ ಪುಸ್ತಕ ಅಲ್ಲಿ ಸಿಗ್ತದೆ, ಅದನ್ನು ಓದಿ ಹೊಸದಕ್ಕೆ ದುಡ್ಡು ಹಾಕ್ಬೇಕಾ ಅಂತ ನೋಡ್ಬಹುದು, ನನ್ನ ಪ್ರಕಾರ ಲೈಬ್ರರಿಯ ದೊಡ್ಡ ಉಪಯೋಗ ಅದೇ.

ಆಪು ಮತ್ತೆ ಆನ್‌ಲೈನ್ ಆರ್ಡರು

ಮೈಲ್ಯಾಂಗ್‌ನಂಥ ಆಪಲ್ಲಿ ಇ-ಬುಕ್ಕೂ ಆಡಿಯೋನೂ ಸಿಗ್ತದೆ, ಅಚ್ಚಿನ ಪುಸ್ತಕಕ್ಕಿಂತ ಕಡಿಮೆಗೂ ಸಿಗ್ತದೆ. ಉಡುಪಿಯಿಂದ ಮಂಗಳೂರಿಗೆ ಡೈಲಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವವರು ಆಡಿಯೋ ಟ್ರೈ ಮಾಡ್ಬಹುದು, ಆದ್ರೆ ಬಸ್ಸಿನವ್ರು ಹಾಕುವ ಹಾರ್ನ್ ಒಂದು ಕಡೆ, ಐತಿಹಾಸಿಕ ಕಾದಂಬರಿಯ ನಲ್ವತ್ತು ಪಾತ್ರ, ಮೂರು ತಲೆಮಾರು ಇನ್ನೊಂದು ಕಡೆ, ಯಾರ ಮಗ ಯಾರು ಅಂತ ಹೆಜಮಾಡಿ ದಾಟುವಾಗಲೇ ಮರ್ತು ಹೋಗ್ತದೆ. ಹಿಂದಿನ ಪುಟ ತಿರುವಿ ನೋಡ್ಲಿಕ್ಕೆ ಆಡಿಯೋದಲ್ಲಿ ಆಗುದಿಲ್ಲವಲ್ಲ. ಒಬ್ಬನೇ ಕಥೆ ಹೇಳ್ತಾ ಹೋಗುವ ಸಾಹಿತ್ಯಿಕ ಕಾದಂಬರಿಗೆ ಆಡಿಯೋ ಚೆನ್ನಾಗಿ ಹೊಂದ್ತದೆ, ಓದುವವರ ದನಿ ಒಳ್ಳೆದಿದ್ರೆ ಪುಸ್ತಕಕ್ಕಿಂತಲೂ ಚೆನ್ನ.

ಪ್ರಕಾಶಕರ ವೆಬ್‌ಸೈಟಿಂದ ನೇರ ತರಿಸುದು ನಂಗೆ ಇಷ್ಟ, ಪ್ರೀ-ಬುಕಿಂಗಲ್ಲಿ ಲೇಖಕರ ಸಹಿ ಸಿಗ್ತದೆ, ರಿಯಾಯಿತಿ ಸಿಗ್ತದೆ, ದುಡ್ಡು ನಡುವಿನವ್ರಿಗೆ ಹೋಗುದಿಲ್ಲ. ಕಷ್ಟ ಅಂದ್ರೆ ಓದಿ ನೋಡದೆ ತಗೊಳ್ಬೇಕು, ಮತ್ತೆ ಸಾಗಾಟದ ಖರ್ಚು. ಪುಸ್ತಕಕ್ಕೆ ಅಂತ ಕಡಿಮೆ ದರದಲ್ಲಿ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಲ್ಲಿ ನಿಲ್ಲಿಸಿದ ಮೇಲೆ ಸಣ್ಣ ಪ್ರಕಾಶಕರಿಗೆ ಅದೊಂದು ಪೆಟ್ಟು. ಒಂದೇ ಪುಸ್ತಕ ತರಿಸುದಕ್ಕಿಂತ ಆಫೀಸಲ್ಲಿ, ಮನೆಯಲ್ಲಿ ಕೇಳಿ ಮೂರ್ನಾಲ್ಕು ಒಟ್ಟಿಗೆ ತರಿಸಿ. ಜೂನ್-ಜುಲೈಯಲ್ಲಿ ತರಿಸುವುದಾದ್ರೆ ಪ್ಲಾಸ್ಟಿಕ್ ಸುತ್ತಿ ಕಳ್ಸಿ ಅಂತ ಹೇಳ್ಲಿಕ್ಕೆ ಮರೀಬೇಡಿ, ನಮ್ಮ ಮಳೆ ಬೆಂಗಳೂರಿನವ್ರಿಗೆ ಹೇಳಿದ್ರೆ ಅರ್ಥ ಆಗುದಿಲ್ಲ.

ಐತಿಹಾಸಿಕದ್ದಕ್ಕೆ ಒಂದು ಪರೀಕ್ಷೆ, ಸಾಹಿತ್ಯಿಕದ್ದಕ್ಕೆ ಇನ್ನೊಂದು

ದಾರಿ ಯಾವುದೇ ಇರ್ಲಿ, ಕೈಗೆ ಬಂದ ಕಾದಂಬರಿ ಹೇಗುಂಟು ಅಂತ ನೋಡುವಾಗ ಈ ಎರಡು ಜಾತಿಯನ್ನು ಒಂದೇ ತಕ್ಕಡಿಯಲ್ಲಿ ಹಾಕ್ಬಾರ್ದು.

ಐತಿಹಾಸಿಕ ಕಾದಂಬರಿಯಲ್ಲಿ ನಾನು ಮೊದಲು ನೋಡುದು ಅಡುಗೆಮನೆ ಮತ್ತೆ ಮನೆಯ ಮಾಡು. ರಾಜನ ವಂಶಾವಳಿ, ಯುದ್ಧದ ತಾರೀಕು ಎಲ್ಲರೂ ಸರಿಯಾಗಿಯೇ ಬರೀತಾರೆ, ಪುಸ್ತಕ ನೋಡಿ ಬರೆದದ್ದಲ್ವಾ. ತಪ್ಪುದು ಊಟಕ್ಕೆ ಕೂರುವಾಗ. ಹೊಯ್ಸಳರ ಕಾಲದ ಸೈನಿಕ ಕೆಂಪು ಮೆಣಸಿನ ಚಟ್ನಿ ನೆಕ್ಕಿದ್ರೆ ಕತೆ ಮುಗೀತು, ಮೆಣಸು ನಮ್ಮಲ್ಲಿಗೆ ಬಂದದ್ದೇ ಪೋರ್ಚುಗೀಸರು ಬಂದ ಮೇಲೆ, ಅವರು ಕಲ್ಲಿಕೋಟೆಗೆ ಮುಟ್ಟಿದ್ದು 1498ರಲ್ಲಿ. ಗೇರುಬೀಜ, ಪಪ್ಪಾಯಿ, ಅನಾನಸು, ಬಟಾಟೆ ಎಲ್ಲವೂ ಹಾಗೆಯೇ ಸಮುದ್ರ ದಾಟಿ ಬಂದದ್ದು. ಅದೇ ರೀತಿ ಹೈದರಾಲಿ ಕಾಲದ ಕಥೆಯಲ್ಲಿ ಮಂಗಳೂರು ಹಂಚಿನ ಮನೆ ಬಂದ್ರೆ ಅಲ್ಲೊಂದು ಗೀಟು ಹಾಕಿ, ಬಾಸೆಲ್ ಮಿಷನ್‌ನವ್ರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೆ ಮೊದಲು ಬಡವರ ಮನೆಗೆಲ್ಲ ಮುಳಿಹುಲ್ಲಿನ, ತೆಂಗಿನ ಮಡಲಿನ ಮಾಡು.

ಹತ್ತಿರದ ಕಾಲದ ಕಥೆಗೂ ಇಂಥದ್ದು ಉಂಟು. 1930ರ ಮಂಗಳೂರಿನ ವಕೀಲ ಮೈಸೂರು ದಿವಾನರಿಗೆ ಅರ್ಜಿ ಹಿಡ್ಕೊಂಡು ಓಡಿದ್ರೆ ಲೇಖಕರು ಘಟ್ಟದ ಮೇಲಿನವ್ರು ಅಂತ ಗೊತ್ತಾಗ್ತದೆ, ನಾವು 1956ರವರೆಗೆ ಇದ್ದದ್ದು ಮದ್ರಾಸಿನ ಕೆಳಗೆ, ಓದ್ಲಿಕ್ಕೆ, ಕೋರ್ಟಿಗೆ ಹೋಗ್ತಿದ್ದದ್ದು ಮದ್ರಾಸಿಗೆ. ಮಂಗಳೂರಿಗೆ ರೈಲು 1907ರಲ್ಲಿ ಬಂತು, ಉಡುಪಿಗೆ ಬರ್ಬೇಕಾದ್ರೆ ಕೊಂಕಣ ರೈಲ್ವೆ ಆಗ್ಬೇಕಾಯ್ತು, ಅಂದ್ರೆ 1990ರ ದಶಕ. ಸ್ವಾತಂತ್ರ್ಯದ ಮೊದಲಿನ ಕಥೆಯಲ್ಲಿ ನಾಯಕ ಉಡುಪಿ ಸ್ಟೇಷನ್ನಲ್ಲಿ ಇಳಿದ್ರೆ ನಗು ಬರ್ತದಾ ಇಲ್ವಾ ಹೇಳಿ. ಹಳೇ ಕಾಲದಲ್ಲಿ ಮಂಗಳೂರಿಂದ ಉಡುಪಿಗೆ ಹೋಗುದೇ ಕಡವು ಕಡವಲ್ಲಿ ದೋಣಿ ಹತ್ತಿ ಇಳ್ದು. ಅದನ್ನು ಸರಿಯಾಗಿ ಬರೆದವರ ಕಾದಂಬರಿಯಲ್ಲಿ ಪ್ರಯಾಣವೇ ಒಂದು ಅಧ್ಯಾಯ ಆಗ್ತದೆ, ಕಡವಲ್ಲಿ ದೋಣಿಗೆ ಕಾಯುವಾಗ ಆಡುವ ಮಾತೇ ಕಥೆಯನ್ನು ಮುಂದೆ ತಗೊಂಡು ಹೋಗ್ತದೆ.

ಇಷ್ಟು ಹೇಳಿದ ಮೇಲೂ, ಕಾದಂಬರಿ ಪಠ್ಯಪುಸ್ತಕ ಅಲ್ಲ. ಬೇಕೂಂತಲೇ ಬದಲಾಯಿಸ್ಲಿಕ್ಕೆ ಲೇಖಕರಿಗೆ ಹಕ್ಕುಂಟು, ಬದಲಾಯಿಸಿದ್ದೇನೆ ಅಂತ ಕೊನೆಗೆ ಎರಡು ಪುಟದಲ್ಲಿ ಹೇಳಿದ್ರೆ ಸಾಕು. ಆ ಎರಡು ಪುಟ ಇಲ್ಲದ ಐತಿಹಾಸಿಕ ಕಾದಂಬರಿ ಕಂಡ್ರೆ ನಂಗೆ ಅನುಮಾನವೇ. ಉಳ್ಳಾಲದ ಅಬ್ಬಕ್ಕನ ಮೇಲೆ ಯಾರೇ ಬರೀಲಿ, ಚಿನ್ನದ ಕಿರೀಟ, ರೇಷ್ಮೆ, ಕುದುರೆ ಮೇಲೆ ಖಡ್ಗ ಅಂತ ಕ್ಯಾಲೆಂಡರ್ ಚಿತ್ರದ ಹಾಗೆ ಶುರು ಮಾಡುದೇ ಹೆಚ್ಚು. ಪಿಯೆತ್ರೋ ದೆಲ್ಲಾ ವಾಲ್ಲೆ ಅಂತ ಇಟಲಿಯವನೊಬ್ಬ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ, ಅವನು ಕಂಡಾಗ ಆಕೆ ಬರಿಗಾಲಲ್ಲಿ, ದಪ್ಪ ಹತ್ತಿ ಬಟ್ಟೆಯಲ್ಲಿ, ನೀರಿನ ಕಾಲುವೆ ತೋಡಿಸುವ ಕೆಲಸ ನೋಡ್ಲಿಕ್ಕೆ ಹೊರಟಿದ್ಳು. ಕಿರೀಟಕ್ಕಿಂತ ಈ ಬರಿಗಾಲಿನ ರಾಣಿ ಎಷ್ಟು ದೊಡ್ಡ ಪಾತ್ರ ಮಾರ್ರೆ! ಇದನ್ನು ಓದಿ, ಇದರ ಜೊತೆ ಜಗಳ ಆಡಿಯಾದ್ರೂ ಬರೆದ ಕಾದಂಬರಿ ಬಂದ್ರೆ ನಾನು ಬೆಲೆ ನೋಡದೆ ತಗೊಳ್ತೇನೆ.

ಸಾಹಿತ್ಯಿಕ ಕಾದಂಬರಿಗೆ ಇಂಥ ಹಿಡಿಯುವ ಗೂಟ ಇಲ್ಲ. ಅಲ್ಲಿ ಭಾಷೆ ಒಂದೇ ಸಾಕ್ಷಿ. ನಮ್ಮ ಕರಾವಳಿಯ ಕಥೆ ಆದ್ರೆ ತುಳು ಮನೆಮಾತಿನವ್ರು ಮಾತಾಡುವ ಕನ್ನಡ, ಕುಂದಾಪ್ರದವ್ರ ಕನ್ನಡ, ಕೊಂಕಣಿಗರ, ಬ್ಯಾರಿಗಳ ಕನ್ನಡ ಬೇರೆ ಬೇರೆ ಕೇಳ್ತದಾ ನೋಡಿ, ಎಲ್ಲರೂ ಒಂದೇ ಥರ ಮಾತಾಡಿ ನಡುನಡುವೆ "ಮಾರಾಯ" ಅಂತ ಒಂದು ಹಾಕಿದ್ರೆ ಅದು ಬರೀ ಒಗ್ಗರಣೆ. ಇನ್ನೊಂದು, ಕಥೆಯನ್ನು ತಿರುಗಿಸುವ ಘಟನೆಯ ಭಾರ ಲೇಖಕರಿಗೆ ಗೊತ್ತುಂಟಾ ಅಂತ. ಇಲ್ಲಿಯ ಎಷ್ಟೋ ಕುಟುಂಬಗಳ ಕಥೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಕಟ್ಟಿನಲ್ಲಿ, ಗೇಣಿಗೆ ಉಳುವವರಿಗೆ ಭೂಮಿ ಕೊಟ್ಟ 1974ರ ಭೂಮಸೂದೆಯಲ್ಲಿ ತಿರುಗ್ತದೆ, ಅದನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಂದೆ ಹೋದವ್ರಿಗೆ ಕರಾವಳಿ ಅಂದ್ರೆ ಬರೀ ಸಮುದ್ರ, ಮೀನು, ಭೂತಕೋಲದ ಸೀನರಿ.

ಯಾರಿಗೆ ಯಾವುದು

ತಿಂಗಳಿಗೆ ಒಂದೇ ಪುಸ್ತಕ ಓದುವಷ್ಟು ಟೈಮು ಇರುವವರು ಹೊಸತರ ಹಿಂದೆ ಓಡ್ಬೇಡಿ, ಮೂರು ತಿಂಗಳ ಹಿಂದಿನ ಹೆಸರು ಹುಡುಕಿ ಅಂಗಡಿಯಲ್ಲಿ ನಡುವಿನ ಪುಟ ಓದಿ ತಗೊಳ್ಳಿ. ಐತಿಹಾಸಿಕ ಕಾದಂಬರಿಯ ಹುಚ್ಚು ಇರುವವರು ಲೇಖಕರ ಮಾತು ಕೇಳ್ಲಿಕ್ಕೆ ಸಿಗುವ ಜಾಗ ಬಿಡ್ಬೇಡಿ, ಯೂಟ್ಯೂಬಲ್ಲಾದ್ರೂ ಸರಿ, ವಿಮರ್ಶೆಗಿಂತ ಅದು ಹೆಚ್ಚು ಹೇಳ್ತದೆ. ಸಾಹಿತ್ಯಿಕದ್ದು ಓದುವವರಿಗೆ ಮಾಸಿಕ ಪತ್ರಿಕೆ ಮತ್ತೆ ನಿಮ್ಮ ರುಚಿಯ ಒಬ್ಬ ಓದುಗ ಸ್ನೇಹಿತ ಸಾಕು, ಆ ಒಬ್ಬ ಸಿಗುದೇ ಕಷ್ಟ, ಸಿಕ್ಕಿದ್ರೆ ಬಿಡ್ಬೇಡಿ. ಮೊದಲ ಪುಸ್ತಕ ಬರೆದ ಹೊಸಬರನ್ನು ಹುಡುಕುವವರು ಸ್ಪರ್ಧೆಯ ಪಟ್ಟಿ, ಸಮ್ಮೇಳನದ ಮಳಿಗೆ. ಕಾಲೇಜು ಮಕ್ಕಳು, ದುಡ್ಡು ಕಮ್ಮಿ ಇರುವವರು ಆಪಲ್ಲಿ ಸ್ಯಾಂಪಲ್ ಅಧ್ಯಾಯ ಓದಿ ನೋಡಿ, ಹಿಂದಿನ ಪುಸ್ತಕಕ್ಕೆ ಲೈಬ್ರರಿ.

ಮತ್ತೆ ಓದಿ ಆದ್ಮೇಲೆ ನೀವೂ ಬರೀರಿ, ಇಲ್ಲದ್ರೆ ಓದಿ ಬಂದ ಮಾತು ಎಲ್ಲಿಂದ ಬರ್ಬೇಕು. ನಮ್ಮ ಊರಲ್ಲಿ ಕಷ್ಟ ಎಂತ ಅಂದ್ರೆ ಬರೆದವರು ನಾಳೆ ಯಾವುದೋ ಮದುವೆ ಊಟದಲ್ಲಿ ಎದುರು ಸಾಲಲ್ಲಿ ಕೂತಿರ್ತಾರೆ, ಅದಕ್ಕೆ ಎಲ್ಲರೂ "ಚೆನ್ನಾಗುಂಟು" ಅಂತ ಹೇಳಿ ಹೋಳಿಗೆ ತಿಂದು ಬರುದು. ಚೆನ್ನಾಗಿಲ್ಲ ಅಂತ ಬರೀದಿದ್ರೂ ಅಡ್ಡಿಲ್ಲ, ಎಷ್ಟನೇ ಪುಟದವರೆಗೆ ಬಿಡದೆ ಓದಿಸ್ತು, ಎಲ್ಲಿ ಕೈಯಿಂದ ಕೆಳಗೆ ಇಟ್ರಿ, ಪುಸ್ತಕ ದುಡ್ಡು ಕೊಟ್ಟು ತಗೊಂಡದ್ದಾ ಲೇಖಕರು ಕೊಟ್ಟದ್ದಾ, ಇಷ್ಟು ಹಾಕಿ. ಮಾಹಿತಿ ತಪ್ಪಿದ್ರೆ ಅದನ್ನು ಬೇರೆಯಾಗಿ ಹೇಳಿ, ನಿಮ್ಗೆ ಇಷ್ಟ ಆಗದ್ದನ್ನು ಬೇರೆಯಾಗಿ ಹೇಳಿ, ಎರಡನ್ನೂ ಕಲಸ್ಬೇಡಿ, ಹಂಚಿನ ತಪ್ಪು ತಿದ್ದಿ ಎರಡನೇ ಮುದ್ರಣ ತರುವ ಲೇಖಕರೂ ಇರ್ತಾರೆ. ಕೊನೆ ಅಧ್ಯಾಯದಲ್ಲಿ ಯಾರು ಸತ್ರು ಅಂತ ಮಾತ್ರ ದಯವಿಟ್ಟು ಬರೀಬೇಡಿ, ಚರಿತ್ರೆ ಗೊತ್ತಿದ್ದವ್ರಿಗೆ ಅದು ಮೊದಲೇ ಗೊತ್ತಿರ್ತದೆ, ಉಳಿದವ್ರು ಅದಕ್ಕೆ ಬೇಕಾಗಿಯೇ ಐನೂರು ಪುಟ ಓದುದು.